ಅಡ್ಜಸ್ಟ್ ಆಗದ ಮುಳ್ಳು

"ಯಜಮಾನ್ರನ್ನ ಕಳಿಸಿ ಮೇಡಂ, ಅವರ ಹತ್ರ ಮಾತಾಡ್ತೀನಿ" ಎಂದ ಅಂಗಡಿಯವನು.

ನಾನು ಕೇಳಿದ್ದು ನನ್ನ ಕಾರಿಗೆ ಒಂದು ಆರ್‌ಪಿಎಂ ಮೀಟರ್. ನಮ್ಮ ಯಜಮಾನರು ಒಳ್ಳೆಯವರು. ಲೆಕ್ಕಪತ್ರದ ವಿಷಯದಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಕಾರಿನ ಬಾನೆಟ್ ಯಾವ ಕಡೆ ಇದೆ ಎಂದು ಕೇಳಿದರೆ ಒಂದು ನಿಮಿಷ ಯೋಚಿಸುತ್ತಾರೆ. ಅವರು ಕಾರು ಕಲಿಯಲೇ ಇಲ್ಲ. ಇಷ್ಟು ವರ್ಷ ಸ್ಟೀರಿಂಗ್ ಹಿಡಿದವಳು ನಾನು, ಪಕ್ಕದಲ್ಲಿ ಕೂತು "ನಿಧಾನ, ನಿಧಾನ" ಎಂದವರು ಅವರು. ಅವರನ್ನು ಜೆ.ಸಿ. ರಸ್ತೆಗೆ ಕಳಿಸಿ ನಾನು ಉತ್ತರಹಳ್ಳಿಯ ಮನೆಯಲ್ಲಿ ಸಾರು ಕುದಿಸುತ್ತಾ ಕೂತಿದ್ದರೆ ಆ ಅಂಗಡಿಯವನು ಅವರ ಹತ್ತಿರ ಏನು ಮಾತಾಡುತ್ತಿದ್ದನೋ ದೇವರೇ ಬಲ್ಲ.

ಐವತ್ತು ದಾಟಿದ ಮೇಡಂಗೆ, ಬಿ.ಎ., ಬಿ.ಎಡ್. ಮಾಡಿ ಮಕ್ಕಳಿಗೆ ಕನ್ನಡ, ಸಮಾಜ ವಿಜ್ಞಾನ ಹೇಳಿಕೊಡುವವಳಿಗೆ, ಆರ್‌ಪಿಎಂ ಮೀಟರ್ ಯಾಕೆ ಬೇಕಾಯಿತು ಎಂದು ನೀವೂ ಕೇಳಬಹುದು. ನನ್ನ ಮಗನೂ ಕೇಳಿದ. "ಏನಮ್ಮಾ, ರೇಸಿಗೆ ಹೋಗ್ತೀಯಾ?" ಎಂದು ನಕ್ಕ. ಹೇಳುತ್ತೇನೆ.

ನನಗೆ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಅರ್ಧ ಉಳಿದಿದೆ. ಮೂರು ವರ್ಷದ ಹಿಂದೆ ಶುರುವಾದದ್ದು. ಮೊದಲು ಕೊನೆಯ ಬೆಂಚಿನ ಹುಡುಗರ ಪಿಸುಮಾತು ಕೇಳದಾಯಿತು, ಆಮೇಲೆ ಮಧ್ಯದ ಬೆಂಚಿನವರ ಉತ್ತರ. ಕಿವಿಗೆ ಯಂತ್ರ ಹಾಕಿಸಿಕೊಂಡೆ. ತರಗತಿಯಲ್ಲಿ ಅದು ಸಹಾಯ ಮಾಡುತ್ತದೆ. ರಸ್ತೆಯಲ್ಲಿ ಮಾತ್ರ ಹಾರನ್ನು, ಲಾರಿ, ಗಾಳಿ ಎಲ್ಲ ಒಟ್ಟಿಗೆ ಕಿವಿಗೆ ನುಗ್ಗುತ್ತವೆ. ನನ್ನ ಇಂಜಿನ್ನಿನ ಸದ್ದು ಆ ಸಂತೆಯಲ್ಲಿ ಮುಳುಗಿಹೋಗುತ್ತದೆ.

ಕಾರು ಓಡಿಸುವ ಅಕ್ಕತಂಗಿಯರಿಗೆ ಗೊತ್ತು, ನಾವು ಗೇರು ಬದಲಿಸುವುದು ಕಿವಿಯಿಂದ. ಇಂಜಿನ್ ಗುರುಗುಟ್ಟಿದರೆ ಕೆಳಗಿನ ಗೇರು, ಕಿರುಚಿದರೆ ಮೇಲಿನ ಗೇರು. ಯಾರೂ ಹೇಳಿಕೊಡದೆ ಕಾಲೂ ಕೈಯೂ ಅದನ್ನು ಕಲಿತುಬಿಡುತ್ತವೆ. ಒಂದು ಸಂಜೆ ವಸಂತಪುರದ ಕಡೆಯ ಏರಿನಲ್ಲಿ ಹೋಗುತ್ತಿದ್ದೆ. ಪಕ್ಕಕ್ಕೆ ಬಂದ ಆಟೋದವನು ಕೈ ಆಡಿಸಿ ಆಡಿಸಿ ಏನೋ ಹೇಳಿದ. ಕಿಟಕಿ ಇಳಿಸಿದೆ. "ಅಮ್ಮಾ, ಗೇರ್ ಹಾಕಿ! ಗಾಡಿ ಅಳ್ತಾ ಇದೆ!" ಏರು ಮುಗಿದು ಎಷ್ಟು ಹೊತ್ತಾಗಿತ್ತೋ, ನಾನಿನ್ನೂ ಎರಡನೇ ಗೇರಿನಲ್ಲೇ ಇದ್ದೆ. ನನ್ನ ಗಾಡಿ ಅಳುತ್ತಿತ್ತು, ಅದು ನನ್ನೊಬ್ಬಳಿಗೆ ಕೇಳಿಸಿರಲಿಲ್ಲ. ಮನೆಗೆ ಬಂದು ಅಡುಗೆಮನೆಯಲ್ಲಿ ದೀಪ ಹಾಕದೆ ಸ್ವಲ್ಪ ಹೊತ್ತು ಕೂತಿದ್ದೆ.

ಮನೆಯವರೆಲ್ಲ ಒಂದೇ ಮಾತು ಹೇಳಿದರು. ಕಾರು ಮಾರಿಬಿಡು. ತಲಘಟ್ಟಪುರದಲ್ಲಿ ನನ್ನ ತಾಯಿ ಒಬ್ಬರೇ ಇದ್ದಾರೆ. ವಾರಕ್ಕೆ ಎರಡು ಸಲ ಊಟದ ಡಬ್ಬಿ ಹಿಡಿದು ಹೋಗುತ್ತೇನೆ, ತಿಂಗಳಿಗೊಮ್ಮೆ ಅವರನ್ನು ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ. "ಆಟೋದಲ್ಲಿ ಹೋಗು, ಅಡ್ಜಸ್ಟ್ ಮಾಡ್ಕೋ" ಎಂದರು.

ಈ ಬರಹ ಆ ಮಾತಿನ ಮೇಲೆ ನಾನು ತೆಗೆದಿರುವ ಜಗಳ.

ಬೆಂಗಳೂರಿನಲ್ಲಿ ಹುಟ್ಟಿದ ಮಗು 'ಅಮ್ಮ' ಎಂದ ಮೇಲೆ ಕಲಿಯುವ ಎರಡನೇ ಮಾತು 'ಅಡ್ಜಸ್ಟ್' ಎಂದು ತಮಾಷೆಗೆ ಹೇಳುವುದುಂಟು. ಬಸ್ಸಿನ ಸೀಟಿನಲ್ಲಿ ಮೂರನೆಯವರಿಗೆ ಜಾಗ ಕೊಡಲು ಅದು ಒಳ್ಳೆಯ ಮಾತೇ. ಆದರೆ ಹೆಣ್ಣುಮಕ್ಕಳಿಗೆ ಅದನ್ನು ಬಸ್ಸಿನ ಹೊರಗೂ ಹೇಳುತ್ತಾರೆ. ಮದುವೆಗೆ ಮೊದಲು ಹೇಳುತ್ತಾರೆ, ಮದುವೆಯಾದ ಮೇಲೆ ಹೇಳುತ್ತಾರೆ, ಸ್ಟಾಫ್ ರೂಮಿನಲ್ಲಿ ಫ್ಯಾನು ಕೆಟ್ಟಾಗ ಹೇಳುತ್ತಾರೆ, ಈಗ ಕಿವಿ ಹೋದಾಗಲೂ ಹೇಳಿದರು. ಕಿವಿ ಮಾಡುತ್ತಿದ್ದ ಕೆಲಸವನ್ನು ಕಣ್ಣು ಮಾಡಬಹುದಲ್ಲ, ಅದಕ್ಕೊಂದು ಉಪಕರಣ ಇದೆಯಲ್ಲ ಎಂದು ಯಾರೊಬ್ಬರಿಗೂ ಹೊಳೆಯಲಿಲ್ಲ.

ಉಪಕರಣ ಇದೆ. ಅದೇ ಟ್ಯಾಕೋಮೀಟರ್, ಅಂಗಡಿಯ ಭಾಷೆಯಲ್ಲಿ ಆರ್‌ಪಿಎಂ ಮೀಟರ್. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ಮುಳ್ಳಿನಿಂದ ತೋರಿಸುತ್ತದೆ. ಈಗಿನ ಎಷ್ಟೋ ಕಾರುಗಳಲ್ಲಿ ಕಾರ್ಖಾನೆಯಿಂದಲೇ ಬರುತ್ತದೆ. ನನ್ನದು 1998ರ ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಂತುಹೋದ ಪುಟ್ಟ ಕಾರು. ನನ್ನಂಥ ಮಧ್ಯಮ ವರ್ಗದ ಎಷ್ಟು ಹೆಂಗಸರಿಗೆ ಅದು ಮೊದಲ ಕಾರೋ! ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ನೋಂದಣಿ ನವೀಕರಿಸಿಕೊಂಡು ಬಂದಿದ್ದೇನೆ. ಅದರಲ್ಲಿ ವೇಗದ ಮುಳ್ಳಿದೆ, ಪೆಟ್ರೋಲಿನ ಮುಳ್ಳಿದೆ, ಬಿಸಿಯ ಮುಳ್ಳಿದೆ, ಸುತ್ತಿನ ಮುಳ್ಳು ಮಾತ್ರ ಇಲ್ಲ. ಹೊರಗಿನಿಂದ ತಂದು ಕೂರಿಸಬೇಕು. ಒಂದು ಮುಳ್ಳಿಗೋಸ್ಕರ ಲಕ್ಷಗಟ್ಟಲೆ ಕೊಟ್ಟು ಹೊಸ ಕಾರು ತರುವಷ್ಟು ಸಂಬಳ ನನಗಿಲ್ಲ.

ಹೀಗೆ ಬೇಸಿಗೆ ರಜೆಯಲ್ಲಿ ಜೆ.ಸಿ. ರಸ್ತೆ ಸೇರಿದೆ. ಯಜಮಾನ್ರನ್ನು ಕಳಿಸಿ ಎಂದವನ ಅಂಗಡಿಯಿಂದ ಇಳಿದು ಮುಂದಿನ ಅಂಗಡಿ ಹತ್ತಿದೆ. ಅಲ್ಲಿಯವನು ಮರ್ಯಾದಸ್ಥ. "ಯೂನಿವರ್ಸಲ್ ಇದೆ ಮೇಡಂ, ಎಲ್ಲಾ ಗಾಡಿಗೂ ಆಗುತ್ತೆ" ಎಂದು ಹೊಳೆಯುವ ಡಬ್ಬಿ ಕೊಟ್ಟ. "ನನ್ನದು ಎಲೆಕ್ಟ್ರಾನಿಕ್ ಇಗ್ನಿಷನ್, ಪಾಯಿಂಟ್ ಇಲ್ಲ, ಆಗುತ್ತಾ?" ಎಂದೆ. ಗಾಡಿ ಸರ್ವೀಸಿಗೆ ಬಿಟ್ಟಾಗ ಕೇಳಿಸಿಕೊಂಡಿದ್ದ ಮಾತು ಅದು. ಅವನು ನಕ್ಕ. "ಅದೆಲ್ಲಾ ಮೆಕ್ಯಾನಿಕ್ ಅಡ್ಜಸ್ಟ್ ಮಾಡ್ತಾನೆ ಮೇಡಂ."

ಬಂತು ನೋಡಿ ಆ ಮಾತು!

ಮೆಕ್ಯಾನಿಕ್ ಒಂದು ತಂತಿ ತೆಗೆದು ಇಗ್ನಿಷನ್ ಕಾಯಿಲ್‌ನ ಒಂದು ಕಡೆಗೆ ಸಿಕ್ಕಿಸಿದ. ಮುಳ್ಳು ಅಲುಗಲಿಲ್ಲ. "ಎಲೆಕ್ಟ್ರಾನಿಕ್ ಇಗ್ನಿಷನ್‌ಗೆ ಮೀಟರ್ ಬರಲ್ಲ ಮೇಡಂ" ಎಂದು ತೀರ್ಪು ಕೊಟ್ಟ. ನಾನು ಹಟ ಹಿಡಿದೆ. ಗೊಣಗುತ್ತಾ ಕಾಯಿಲ್‌ನ ಇನ್ನೊಂದು ಕಡೆಗೆ ಸಿಕ್ಕಿಸಿದ. ಮುಳ್ಳು ಎದ್ದಿತು! ಆದರೆ ಗಾಡಿ ನಿಂತಲ್ಲಿ ಸುಮಾರು 900 ಸುತ್ತು ತೋರಿಸಬೇಕು ಎಂದು ಅವನೇ ಹೇಳಿದ್ದ, ಮುಳ್ಳು 700ನ್ನೂ ಮುಟ್ಟಲಿಲ್ಲ. "ಐಡ್ಲಿಂಗ್ ಕಮ್ಮಿ ಇದೆ" ಎಂದು ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ತಿರುಗಿಸಿ ಮುಳ್ಳನ್ನು 900ಕ್ಕೆ ತಂದು ನಿಲ್ಲಿಸಿ ದುಡ್ಡು ತೆಗೆದುಕೊಂಡ.

ಆ ತಿಂಗಳು ಪೆಟ್ರೋಲ್ ಹೆಚ್ಚು ಕುಡಿಯಿತು. ಸಿಗ್ನಲ್ಲಿನಲ್ಲಿ ನಿಂತರೆ ಗಾಡಿ ನಡುಗುತ್ತಿತ್ತು. ಮುಳ್ಳು 3000 ತೋರಿಸಿದಾಗ ಗೇರು ಬದಲಿಸುತ್ತಿದ್ದೆ. ಆದರೂ ಪಕ್ಕದಲ್ಲಿ ಕೂತ ನಮ್ಮವರು "ಗಾಡಿ ಯಾಕೋ ಕಿರುಚುತ್ತೆ ಕಣೇ" ಎನ್ನುತ್ತಿದ್ದರು.

ಇದರ ಗುಟ್ಟು ಬಿಡಿಸಿದವಳು ನಮ್ಮ ಶಾಲೆಯ ವಿಜ್ಞಾನದ ಮಿಸ್ಸು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಸ್ಟಾಫ್ ರೂಮಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದಳು. ಆರ್‌ಪಿಎಂ ಮೀಟರು ಸುತ್ತನ್ನು ಎಣಿಸುವುದೇ ಇಲ್ಲವಂತೆ. ಅದು ಎಣಿಸುವುದು ಕಿಡಿಯನ್ನು. ಹಳೆಯ ಅಂಬಾಸಿಡರ್, ಫಿಯಟ್ ಕಾಲದಲ್ಲಿ ಪಾಯಿಂಟ್ ಎನ್ನುವ ಲೋಹದ ತುಟಿಗಳು ತೆರೆದು ಮುಚ್ಚಿ, ಕಾಯಿಲ್‌ನ ವಿದ್ಯುತ್ತನ್ನು ಕಡಿದು ಕಿಡಿ ಹುಟ್ಟಿಸುತ್ತಿದ್ದವು. ಎಲೆಕ್ಟ್ರಾನಿಕ್ ಇಗ್ನಿಷನ್ನಿನಲ್ಲಿ ಕಡಿಯುವ ಕೆಲಸ ಟ್ರಾನ್ಸಿಸ್ಟರಿನದು. ಎರಡರಲ್ಲೂ ಕಡಿಯುವುದು ಕಾಯಿಲ್‌ನ ನೆಗೆಟಿವ್ ಕಡೆ. ಮೀಟರಿನ ತಂತಿ ಅಲ್ಲಿಗೆ ಸೇರಬೇಕು. ಮೆಕ್ಯಾನಿಕ್ ಮೊದಲು ಸಿಕ್ಕಿಸಿದ್ದು ಪಾಸಿಟಿವ್ ಕಡೆಗೆ. ಎಣಿಸುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ.

ಪಾಯಿಂಟಿನ ಕಾಲದ ಇನ್ನೊಂದು ಜಾತಿಯ ಮೀಟರೂ ಇದೆಯಂತೆ. ಅದು ಕಾಯಿಲ್‌ಗೆ ಹೋಗುವ ತಂತಿಯ ದಾರಿಯಲ್ಲೇ ಸೇರಿಕೊಂಡು ವಿದ್ಯುತ್ತಿನ ಹರಿವನ್ನು ನೋಡುತ್ತದೆ. ಎಲೆಕ್ಟ್ರಾನಿಕ್ ಇಗ್ನಿಷನ್ನಿಗೆ ಅದು ಎಷ್ಟೋ ಸಲ ಒಗ್ಗುವುದಿಲ್ಲ. ಬೈಕುಗಳಲ್ಲಿರುವ ಸಿಡಿಐ ಮೂರನೆಯ ಸಂಸಾರ. ಅಲ್ಲಿ ಒಂದು ಕೆಪಾಸಿಟರು ನೂರಾರು ವೋಲ್ಟು ತುಂಬಿಕೊಂಡು ಒಮ್ಮೆಲೇ ಕಾಯಿಲ್‌ಗೆ ಸುರಿಯುತ್ತದೆ. ಹನ್ನೆರಡು ವೋಲ್ಟಿನ ಕಾರಿಗೆಂದು ಮಾಡಿದ ಮೀಟರಿನ ತಂತಿಯನ್ನು ತಿಳಿಯದೆ ಅಲ್ಲಿಗೆ ಸಿಕ್ಕಿಸಿದರೆ ಮೀಟರೇ ಸುಟ್ಟುಹೋಗಬಹುದು. ಅದಕ್ಕೆ ಸಿಡಿಐಗೆಂದೇ ಮಾಡಿದ ಮೀಟರು ಬೇಕು. ಇಲ್ಲವೇ ಪ್ಲಗ್ಗಿಗೆ ಹೋಗುವ ದಪ್ಪ ತಂತಿಯ ಹೊರಮೈಗೆ ಸುತ್ತಿ ಕಿಡಿ ಹಿಡಿಯುವ ಮೀಟರು ಬೇಕು. ಮೂರೂ ಸಂಸಾರಕ್ಕೆ ನಮ್ಮ ಅಂಗಡಿಗಳಲ್ಲಿ ಒಂದೇ ಹೆಸರು, 'ಯೂನಿವರ್ಸಲ್'.

ಇನ್ನು 3000ದ ಗುಟ್ಟು. ಇದಕ್ಕೆ ವಿಜ್ಞಾನದ ಮಿಸ್ಸೂ ಬೇಕಿಲ್ಲ, ಶಾಲೆಯ ತ್ರೈರಾಶಿ ಸಾಕು. ನಮ್ಮ ಕಾರುಗಳ ಇಂಜಿನ್ನಿನಲ್ಲಿ ಒಂದು ಸಿಲಿಂಡರಿಗೆ ಎರಡು ಸುತ್ತಿಗೊಂದು ಕಿಡಿ. ನಾಲ್ಕು ಸಿಲಿಂಡರಿದ್ದರೆ ಎರಡು ಸುತ್ತಿಗೆ ನಾಲ್ಕು, ಅಂದರೆ ಸುತ್ತಿಗೆ ಎರಡು ಕಿಡಿ. ಮಾರುತಿ 800ರಲ್ಲಿ ಇರುವುದು ಮೂರೇ ಸಿಲಿಂಡರು. ಸುತ್ತಿಗೆ ಒಂದೂವರೆ ಕಿಡಿ. ಡಬ್ಬಿಯ ಹಿಂದೆ ಒಂದು ಪುಟ್ಟ ಸ್ವಿಚ್ಚಿತ್ತು, ಅದರ ಮೇಲೆ 4, 6, 8 ಎಂದು ಬರೆದಿತ್ತು. 3 ಇರಲೇ ಇಲ್ಲ! ಮೆಕ್ಯಾನಿಕ್ 4ಕ್ಕೆ ಇಟ್ಟಿದ್ದ. ನನ್ನ ಇಂಜಿನ್ 4000 ಸುತ್ತು ತಿರುಗಿದರೆ ಹುಟ್ಟುವುದು 6000 ಕಿಡಿ. ಮೀಟರು ಅದನ್ನು ಎರಡರಿಂದ ಭಾಗಿಸಿ 3000 ಎಂದಿತು. ನಾಲ್ಕರಲ್ಲಿ ಮೂರು ಪಾಲು ಹೇಳಿತು, ಒಂದು ಪಾಲು ನುಂಗಿತು. ನಿಂತಲ್ಲಿ 900 ತೋರಿಸಲಿ ಎಂದು ಸ್ಕ್ರೂ ತಿರುಗಿಸಿದಾಗ ಇಂಜಿನ್ 1200 ಸುತ್ತುತ್ತಿತ್ತು. ನನ್ನ ಇಂಜಿನ್ ಸರಿಯಾಗಿಯೇ ಇತ್ತು. ತಪ್ಪು ಲೆಕ್ಕ ಹೇಳುವ ಮೀಟರಿಗೆ ತಕ್ಕಂತೆ ಸರಿಯಿದ್ದ ಇಂಜಿನ್ನನ್ನು ಕೆಡಿಸಿದ್ದರು!

ನೋಡಿ, 'ಅಡ್ಜಸ್ಟ್ ಮಾಡೋದು' ಅಂದರೆ ಇದೇ. ತಪ್ಪಿರುವುದು ಒಂದು ಕಡೆ, ತಿರುಪು ಹಾಕುವುದು ಇನ್ನೊಂದು ಕಡೆ. ಯಾರು ಮಾತಾಡುವುದಿಲ್ಲವೋ ಅವರಿಗೆ ತಿರುಪು. ನಮ್ಮ ಮನೆಗಳಲ್ಲಿ ಇದು ಎಷ್ಟು ಸಲ ನಡೆದಿದೆ ಎಂದು ನಾನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಮೇಲೆ ಬರುವ ಆಕ್ಷೇಪಣೆ ನನಗೆ ಗೊತ್ತಿದೆ. ಕಿವಿ ಕೇಳದವಳು ರಸ್ತೆಗೆ ಇಳಿಯುವುದೇ ಅಪಾಯವಲ್ಲವೇ ಎನ್ನುತ್ತೀರಿ. ನ್ಯಾಯವಾದ ಪ್ರಶ್ನೆ. ನಾನೂ ನಾಲ್ಕು ರಾತ್ರಿ ಅದನ್ನೇ ಯೋಚಿಸಿದೆ. ಡಾಕ್ಟರ ಹತ್ತಿರ ಹೋಗಿ ಕಣ್ಣು ಕಿವಿ ಎಲ್ಲ ತೋರಿಸಿ, ಏನನ್ನೂ ಮುಚ್ಚಿಡದೆ ಕೇಳಿ, ಪ್ರಮಾಣಪತ್ರ ತಂದೆ. ಹಿಂದೆ ಕಿವುಡರು ಎಂದರೆ ಲೈಸೆನ್ಸಿನ ಅರ್ಜಿಯನ್ನೇ ಪಕ್ಕಕ್ಕಿಡುತ್ತಿದ್ದರು. ವಾಹನ ಓಡಿಸಲು ಬರುತ್ತದೆಯೋ ಇಲ್ಲವೋ ಎಂದು ಅವರನ್ನೂ ಪರೀಕ್ಷಿಸಿ ನೋಡಬೇಕು ಎಂದು ದೆಹಲಿ ಹೈಕೋರ್ಟು 2011ರಲ್ಲಿ ಹೇಳಿತು. 2016ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯವೂ ಕಿವುಡರಿಗೆ ಲೈಸೆನ್ಸ್ ಕೊಡಬಹುದೆಂದು ರಾಜ್ಯಗಳಿಗೆ ತಿಳಿಸಿತು. ಕಾನೂನು ಬಾಗಿಲು ತೆರೆದ ಮೇಲೂ ಮನೆಯವರು, ನೆಂಟರು, ಅಂಗಡಿಯವರು ಬಾಗಿಲಿಗೆ ಅಡ್ಡ ನಿಂತರೆ ಏನು ಮಾಡುವುದು? ಕಣ್ಣು ಮಂದವಾದವರಿಗೆ ಕನ್ನಡಕ ಕೊಡುತ್ತೇವೆ, "ಓದುವುದು ಬಿಡು" ಎನ್ನುವುದಿಲ್ಲ. ಎದುರಿಗೆ ಒಂದು ಮುಳ್ಳು, ಬಲಕ್ಕೊಂದು ಎಡಕ್ಕೊಂದು ದೊಡ್ಡ ಕನ್ನಡಿ, ನನ್ನ ಕನ್ನಡಕ ಇಷ್ಟೇ. ಅದು ಸರಿಯಾದ ಅಂಕಿಯ ಕನ್ನಡಕವಾಗಿರಬೇಕು ಎಂದರೆ ಅಧಿಕಪ್ರಸಂಗವೇ?

ಅಂಗಡಿಯವನ ಪರವಾಗಿಯೂ ಒಂದು ಮಾತು ಹೇಳಬೇಕು. ಒಂದು ಮೀಟರಿನಲ್ಲಿ ಅವನಿಗೆ ಉಳಿಯುವ ಲಾಭ ಹೆಚ್ಚೇನಿಲ್ಲ. ಎದುರಿಗೆ ನೂರಾರು ಜಾತಿಯ ಗಾಡಿ. ಅವನಿಗೆ ಗೊತ್ತಿರುವುದು ಡಬ್ಬಿಯ ಮೇಲೆ ಇರುವಷ್ಟೇ. ಡಬ್ಬಿಯ ಮೇಲೆ ಏನಿತ್ತು? ಬೆಂಕಿ ಉಗುಳುವ ರೇಸ್ ಕಾರಿನ ಚಿತ್ರ. ಪೊಟ್ಟಣದ ಸರಕಿಗೆ ಬೆಲೆ, ತಯಾರಿಸಿದ ತಿಂಗಳು, ತಯಾರಕನ ವಿಳಾಸ ಅಚ್ಚು ಹಾಕಬೇಕೆಂದು 2011ರ ನಿಯಮಗಳು ಹೇಳುತ್ತವೆ. ಅದೆಲ್ಲ ಇತ್ತು. ಕೊಳ್ಳುವವರಿಗೆ ಸರಕಿನ ಗುಣ, ಪ್ರಮಾಣ, ಬೆಲೆ ತಿಳಿಯುವ ಹಕ್ಕಿದೆ ಎಂದು 1986ರ ಗ್ರಾಹಕ ಕಾಯ್ದೆ ಹೇಳಿತು, ಅದರ ಜಾಗಕ್ಕೆ ಬಂದ 2019ರ ಕಾಯ್ದೆಯೂ ಹೇಳುತ್ತದೆ. ಸಮಾಜ ವಿಜ್ಞಾನದ ಪಾಠದಲ್ಲಿ ಮಕ್ಕಳಿಂದ ಅದನ್ನು ಬಾಯಿಪಾಠ ಮಾಡಿಸುತ್ತೇನೆ. ಆದರೆ ಈ ಮೀಟರು ಎಂಥ ಇಗ್ನಿಷನ್ನಿಗೆ, ಸುತ್ತಿಗೆ ಎಷ್ಟು ಕಿಡಿಗೆ, ತಂತಿ ಎಲ್ಲಿಗೆ ಎಂಬ ಮೂರು ಸಾಲು ಮಾತ್ರ ಆ ಡಬ್ಬಿಯ ಮೇಲೆ ಎಲ್ಲೂ ಇರಲಿಲ್ಲ. ಒಂದು ಸೀರೆ ಕೊಂಡರೆ ರೇಷ್ಮೆಯೋ ನೈಲಾನೋ ಎಂದು ಕೇಳಿ, ಮುಟ್ಟಿ, ಬೆಳಕಿಗೆ ಹಿಡಿದು ನೋಡುತ್ತೇವೆ. 'ಯೂನಿವರ್ಸಲ್ ಸೀರೆ' ಎಂದರೆ ಕೊಳ್ಳುತ್ತೇವೆಯೇ?

ಕೊನೆಗೆ ನನ್ನ ಕೆಲಸ ಆದದ್ದು ಕಲಾಸಿಪಾಳ್ಯದ ಒಂದು ಗಲ್ಲಿಯಲ್ಲಿ. ಮೀಟರ್ ರಿಪೇರಿಯ ಒಬ್ಬ ಮುದುಕರು. ಮೇಜಿನ ತುಂಬ ಮುಳ್ಳು, ಸ್ಪ್ರಿಂಗು, ಒಡೆದ ಗಾಜು. ನಾನು ಡಬ್ಬಿ ಮುಂದಿಟ್ಟ ಕೂಡಲೇ ತಲೆಯೆತ್ತಿ ಕೇಳಿದರು: "ಗಾಡಿ ಎಷ್ಟು ಸಿಲಿಂಡರ್ ತಾಯಿ? ಪಾಯಿಂಟೋ, ಎಲೆಕ್ಟ್ರಾನಿಕ್ಕೋ?"

ಎರಡು ತಿಂಗಳ ಅಲೆದಾಟದಲ್ಲಿ ನನ್ನನ್ನು ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವರು. ಯಜಮಾನರು ಯಾರು ಎಂದು ಕೇಳಲಿಲ್ಲ. ನಾನು ಉತ್ತರ ಹೇಳಿದೆ. ನನಗೆ ಗಂಟಲು ಕಟ್ಟಿತ್ತು ಎಂದರೆ ನಗುತ್ತೀರೇನೋ.

ಅವರು ಮೀಟರಿನ ತಂತಿಯನ್ನು ಒಂದು ಸಣ್ಣ ಟ್ರಾನ್ಸ್‌ಫಾರ್ಮರಿಗೆ ಕೊಟ್ಟರು. ಮನೆಯ ಕರೆಂಟು ಸೆಕೆಂಡಿಗೆ 50 ಸಲ ಮಿಡಿಯುತ್ತದೆ, ನಿಮಿಷಕ್ಕೆ 3000. ಸುತ್ತಿಗೆ ಒಂದೂವರೆ ಕಿಡಿಯ ಲೆಕ್ಕದಲ್ಲಿ ಮುಳ್ಳು 2000ದಲ್ಲಿ ನಿಲ್ಲಬೇಕು, ನಿಂತದ್ದು 1500ರಲ್ಲಿ. ಒಳಗೆ ಒಂದು ರೆಸಿಸ್ಟರು ಬದಲಿಸಿದರು. ಮುಳ್ಳು ಮೆಲ್ಲಗೆ ಏರಿ 2000ದ ಗೆರೆಯ ಮೇಲೆ ನಿಂತಿತು. (ಮನೆಯಲ್ಲಿ ನೀವು ಇದಕ್ಕೆ ಕೈಹಾಕಬೇಡಿ, ಕರೆಂಟಿನ ಕೆಲಸ.) ಆಮೇಲೆ ಕಾರ್ಬುರೇಟರಿನ ಸ್ಕ್ರೂ ಹಿಂದಕ್ಕೆ ತಿರುಗಿಸಿಸಿದೆ. ಗಾಡಿಯ ನಡುಕ ನಿಂತಿತು. ಈಗ ಮುಳ್ಳು 2500 ದಾಟಿದರೆ ನನ್ನ ಕೈ ತಾನೇ ಗೇರಿಗೆ ಹೋಗುತ್ತದೆ. ವಾರಕ್ಕೆರಡು ಸಲ ತಲಘಟ್ಟಪುರಕ್ಕೆ ಹೋಗುತ್ತೇನೆ. ಅಮ್ಮ ಪಕ್ಕದಲ್ಲಿ ಕೂತು ಆ ಮುಳ್ಳನ್ನು ಗಡಿಯಾರ ಎಂದುಕೊಂಡಿದ್ದಾರೆ.

ಮೀಟರು ಮಾಡುವವರಿಗೆ ನಾನು ಕೇಳುವುದು ಆ ಮೂರು ಸಾಲು, ಅದೂ ಕನ್ನಡದಲ್ಲಿ. ಅಂಗಡಿಯವರಿಗೆ ಹೇಳುವುದು ಇಷ್ಟು: ಎದುರಿಗೆ ನಿಂತವಳ ಹತ್ತಿರ ಗಾಡಿಯ ವಿಷಯ ಕೇಳಿ, ಗಂಡನ ವಿಷಯ ಕೇಳಬೇಡಿ. ಅಕ್ಕತಂಗಿಯರೇ, ನಿಮಗೆ ಹೇಳುವುದೂ ಇದೆ. ಮಿಕ್ಸಿಯಿರಲಿ, ಸ್ಕೂಟರಿರಲಿ, ಕಾರಿರಲಿ, "ಎಲ್ಲದಕ್ಕೂ ಆಗುತ್ತೆ" ಎಂದವರಿಗೆ "ನನ್ನದಕ್ಕೆ ಆಗುತ್ತಾ, ಹೇಗೆ ಆಗುತ್ತೆ, ತೋರಿಸಿ" ಎನ್ನಿ. ತೋರಿಸದಿದ್ದರೆ ದುಡ್ಡು ಕೊಡಬೇಡಿ. ಅಡ್ಜಸ್ಟ್ ಮಾಡಿಕೊಳ್ಳಬೇಡಿ. ನಿಮಗೆ ತಿಳಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನಗೆ ಬೇಕಾದದ್ದು ಒಂದು ತ್ರೈರಾಶಿ ಮಾತ್ರ.

ಮೊನ್ನೆ ಆ ಮೂರು ಸಾಲನ್ನು ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಜೆ.ಸಿ. ರಸ್ತೆಯ ಆ ಮೊದಲ ಅಂಗಡಿಗೆ ಹೋದೆ. "ಮೀಟರ್ ಕೇಳಿ ಬಂದವರಿಗೆ ಇದನ್ನ ತೋರಿಸಿ" ಎಂದೆ. ಅವನು ಓದಿದ, ತಿರುಗಿಸಿ ನೋಡಿದ, ಮತ್ತೆ ಓದಿದ. "ಚೆನ್ನಾಗಿದೆ ಮೇಡಂ. ಯಜಮಾನ್ರು ಬರೆದುಕೊಟ್ರಾ?" ಎಂದ.

"ಅವರು ಹೊರಗೆ ಕಾರಿನಲ್ಲೇ ಕೂತಿದ್ದಾರೆ. ಹೋಗಿ, ಬಾನೆಟ್ ಯಾವ ಕಡೆ ಇದೆ ಅಂತ ಕೇಳಿಕೊಂಡು ಬನ್ನಿ" ಎಂದೆ.